ಒಬಿವಿ ಏರುತ್ತಿದ್ದರೂ ಬ್ರೇಕ್‌ಔಟ್ ಯಾಕೆ ನಿಲ್ಲಲ್ಲ?

ಪ್ರಶ್ನೆ: ಡೈಲಿ ಚಾರ್ಟ್‌ನಲ್ಲಿ ಷೇರಿನ ಬೆಲೆ ಒಂದೇ ರೇಂಜ್‌ನಲ್ಲಿದೆ, ಒಬಿವಿ (ಆನ್-ಬ್ಯಾಲೆನ್ಸ್ ವಾಲ್ಯೂಮ್: ಬೆಲೆ ಏರಿದ ದಿನದ ವಾಲ್ಯೂಮ್, ಅಂದರೆ ಕೈಬದಲಾದ ಷೇರುಗಳ ಸಂಖ್ಯೆ ಕೂಡಿ, ಇಳಿದ ದಿನದ್ದು ಕಳೆಯುವ ಸೂಚಕ) ಮಾತ್ರ ಮೇಲೇರುತ್ತಿದೆ. ಅದನ್ನು ನಂಬಿ, ಬೆಲೆ ರೇಂಜ್ ದಾಟಿ ಮೇಲೆ ಹೋದಾಗ, ಅಂದರೆ ಬ್ರೇಕ್‌ಔಟ್‌ನಲ್ಲಿ ತಗೊಂಡರೆ ಬೆಲೆ ಮತ್ತೆ ರೇಂಜ್ ಒಳಗೇ ಬರುತ್ತೆ. ಜೊತೆಗೆ ಇನ್ನೇನು ನೋಡಬೇಕು?

ಉತ್ತರ 1: ಒಬಿವಿ ಲೆಕ್ಕ ತೀರಾ ಒರಟು. ಕ್ಲೋಸ್ ಹಿಂದಿನ ದಿನಕ್ಕಿಂತ ಒಂದು ಟಿಕ್ ಮೇಲಿದ್ದರೂ ಸಾಕು, ಇಡೀ ದಿನದ ವಾಲ್ಯೂಮ್ ಕೂಡಿಬಿಡುತ್ತೆ. ಹೈ 110, ಲೋ 100, ಕ್ಲೋಸ್ 102, ಹಿಂದಿನ ಕ್ಲೋಸ್ 101, ವಾಲ್ಯೂಮ್ 1 ಲಕ್ಷ ಅಂದುಕೊಳ್ಳಿ. ಒಬಿವಿಗೆ +1 ಲಕ್ಷ. ಆದರೆ ದಿನ ಮುಗಿದಿದ್ದು ತಳದ ಹತ್ತಿರ. ಅಕ್ಯುಮುಲೇಶನ್/ಡಿಸ್ಟ್ರಿಬ್ಯೂಶನ್ ಲೈನ್‌ನಲ್ಲಿ (ಎ/ಡಿ: ದಿನದ ಹೈ-ಲೋ ನಡುವೆ ಕ್ಲೋಸ್ ಎಲ್ಲಿದೆ ಅಂತ ನೋಡಿ ವಾಲ್ಯೂಮ್ ಕೂಡುವ ಅಥವಾ ಕಳೆಯುವ ಸೂಚಕ) ಅದೇ ದಿನಕ್ಕೆ, ಲೋನಿಂದ ಕ್ಲೋಸ್‌ಗೆ 2, ಕ್ಲೋಸ್‌ನಿಂದ ಹೈಗೆ 8, ಹೈ-ಲೋ ಅಂತರ 10 ಆದ್ದರಿಂದ, (2−8)÷10 × 1 ಲಕ್ಷ, ಅಂದರೆ −60,000. ಎರಡೂ ಹೀಗೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದರೆ ನಾನಂತೂ ಆ ಬ್ರೇಕ್‌ಔಟ್ ಮುಟ್ಟಲ್ಲ. ಒಬಿವಿಯ ಅಂಕಿಗೆ ಅರ್ಥವಿಲ್ಲ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ಉತ್ತರ 2: ಸರಿ, ಆದರೆ ಎ/ಡಿ ಲೈನ್ ಗ್ಯಾಪ್ (ಹಿಂದಿನ ಕ್ಲೋಸ್‌ಗೂ ಇವತ್ತಿನ ಓಪನ್‌ಗೂ ನಡುವಿನ ಅಂತರ) ಅನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಭಾರೀ ಗ್ಯಾಪ್ ಡೌನ್ ಆಗಿ ದಿನದ ಹೈ ಹತ್ತಿರ ಕ್ಲೋಸ್ ಆದರೂ ಅದು ಏರುತ್ತೆ. ಬ್ರೇಕ್‌ಔಟ್ ದಿನದ ವಾಲ್ಯೂಮ್ ಹಿಂದಿನ 20 ದಿನದ ಸರಾಸರಿಗಿಂತ ಒಂದೂವರೆ ಪಟ್ಟಾದರೂ ಇರಲಿ. ನಡುವೆ ಒಂದು ಬ್ಲಾಕ್ ಡೀಲ್ (ಒಂದೇ ಸಲ ನಡೆಯುವ ದೊಡ್ಡ ವಹಿವಾಟು) ಇದ್ದರೆ ಸರಾಸರಿಯೇ ಉಬ್ಬಿರುತ್ತೆ, ಆಗ ಮೀಡಿಯನ್ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವಿನ ಅಂಕಿ) ಬಳಸಿ.

ಉತ್ತರ 3: ಇಂಟ್ರಾಡೇ (ಅದೇ ದಿನ ಕೊಂಡು ಮಾರುವುದು) ಮಾಡುವವರು ಮೊದಲ 15 ನಿಮಿಷದ ವಾಲ್ಯೂಮನ್ನು ನಡು ಅವಧಿಯದಕ್ಕೆ ಹೋಲಿಸಬೇಡಿ. ಶುರುವಿನಲ್ಲಿ, ಕೊನೆಯಲ್ಲಿ ವಹಿವಾಟು ಸಹಜವಾಗಿಯೇ ಜಾಸ್ತಿ. ಹಿಂದಿನ ದಿನಗಳ ಅದೇ ಹೊತ್ತಿನ ವಾಲ್ಯೂಮ್‌ಗೆ ಹೋಲಿಸಿ.