ದೇವರು ನಮ್ಮ ಬದುಕಿನಲ್ಲಿ ಕೈ ಹಾಕುತ್ತಾನಾ? ಪಾಸ್ಟರ್ ಅವರನ್ನು ಕೇಳಿ

ಅಡ್ಮಿನ್: ಸೆಮಿನರಿಯಲ್ಲಿ ದೇವತಾಶಾಸ್ತ್ರ ಪಾಠ ಮಾಡುವ ಪಾಸ್ಟರ್ ಇವತ್ತು ನಮ್ಮ ಜೊತೆ ಇದ್ದಾರೆ. ಪ್ರಶ್ನೆ ಚಿಕ್ಕದಾಗಿರಲಿ.

ಸಂದೇಹಿ: ಎಲ್ಲ ದೇವರು ಮೊದಲೇ ನಿರ್ಧರಿಸಿದ್ದರೆ ಪ್ರಾರ್ಥನೆ ಯಾಕೆ?

ಪಾಸ್ಟರ್: ಒಂದೊಂದು ಸಭೆಯವರದ್ದು ಒಂದೊಂದು ಉತ್ತರ. ಸಭಾ ಸುಧಾರಕ ಕ್ಯಾಲ್ವಿನ್ ದಾರಿಯವರ ಪ್ರಕಾರ ನಿಮ್ಮ ಪ್ರಾರ್ಥನೆಯೂ ಆ ನಿರ್ಧಾರದೊಳಗೇ ಇದೆ. ದೇವತಾಶಾಸ್ತ್ರಜ್ಞ ಆರ್ಮಿನಿಯಸ್ ದಾರಿಯವರು ಮನುಷ್ಯನ ಆಯ್ಕೆಗೆ ಜಾಸ್ತಿ ಜಾಗ ಬಿಡುತ್ತಾರೆ. ದೇವರು ಜಗತ್ತನ್ನು ಮಾಡಿ ಅದರ ಪಾಡಿಗೆ ಬಿಟ್ಟ ಅನ್ನುವ ಡೀಯಿಸ್ಟರಿಗೆ ಮಾತ್ರ ಬೇಡಿಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ನಿರೀಕ್ಷೆ: ಪಾಸ್ಟರ್, ಅಮ್ಮನಿಗೆ ಸಕ್ಕರೆ ಕಾಯಿಲೆ. ಸೂಜಿ ಚುಚ್ಚಿಕೊಂಡರೆ ನಂಬಿಕೆ ಇಲ್ಲ ಅಂತ ಅರ್ಥ ಅಂದರಂತೆ ಪ್ರಾರ್ಥನಾ ಕೂಟದವರು. ಮೊನ್ನೆಯಿಂದ ಇನ್ಸುಲಿನ್ ಬಿಟ್ಟಿದ್ದಾರೆ. ಪೆನ್ ಫ್ರಿಜ್ಜಿನ ಬಾಗಿಲಲ್ಲೇ ಇದೆ, ಪಕ್ಕದಲ್ಲಿ ಅವರು ಕೊಟ್ಟ ಎಣ್ಣೆ ಶೀಶೆ. ತುಂಬಾ ಸುಸ್ತು ಅನ್ನುತ್ತಾರೆ.

ಪಾಸ್ಟರ್: ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ. ಈಗಲೇ. ವಾಂತಿ, ಜೋರು ಉಸಿರು, ಮಂಪರು ಏನಾದರೂ ಇದ್ದರೆ ಫೋನೂ ಬೇಡ, ನೇರ ಆಸ್ಪತ್ರೆ.

ಅಮ್ಮನಿಗೆ ಇದನ್ನು ಓದಿ ಹೇಳಿ. ಬೈಬಲಿನಲ್ಲಿ, ಶರೀರಕ್ಕೆ ನಾಟಿದ ಮುಳ್ಳು ಅಂತ ತಾನೇ ಕರೆದ ಬಾಧೆ ಹೋಗಲಿ ಅಂತ ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ಜೊತೆಗಿದ್ದ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ. ತನ್ನ ಜೊತೆಗಾರ ತಿಮೊಥೆಯನಿಗೆ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಇವರಿಗೆಲ್ಲ ನಂಬಿಕೆ ಕಮ್ಮಿ ಇತ್ತಾ? ಲೂಕ ವೈದ್ಯ, ಪೌಲನಿಗೆ ಪ್ರಿಯನಾದವನು. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅನ್ನುತ್ತದೆ, ಮದ್ದು ಬಿಸಾಡಿ ಅನ್ನುವುದಿಲ್ಲ. ಎಣ್ಣೆ ಇರಲಿ, ಇನ್ಸುಲಿನ್ ನಿಲ್ಲಬಾರದು. ಆ ಕೂಟದ ಹಿರಿಯರ ನಂಬರ್ ನನಗೊಬ್ಬನಿಗೇ ಕಳಿಸಿ. ನಾನು ಮಾತಾಡುತ್ತೇನೆ.

ಬೆಳ್ಳಿಚುಕ್ಕಿ: ‘ಈ ಪ್ರಾರ್ಥನೆ 21 ಜನಕ್ಕೆ ಕಳಿಸಿದರೆ ರಾತ್ರಿಯೊಳಗೆ ಅದ್ಭುತ’ ಅಂತ ಬಂದಿದೆ. ಕಳಿಸಲಾ?

ಪಾಸ್ಟರ್: ಬೇಡ.

ಗುಡುಗು: ಅದ್ಭುತಗಳು ಅಪೊಸ್ತಲರ ಕಾಲಕ್ಕೇ ಮುಗಿದವು. ಅಮೆರಿಕದ ದೇವತಾಶಾಸ್ತ್ರಜ್ಞ ವಾರ್‌ಫೀಲ್ಡ್ 1918ರಲ್ಲೇ ಬರೆದಿಟ್ಟಿದ್ದಾರೆ.

ಕಿಡಿ: ಹಾಗಾದರೆ 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಪೆಂತೆಕೊಸ್ತ್ ಚಳವಳಿ ಹಬ್ಬಿದ ಆ ಪ್ರಾರ್ಥನಾ ಕೂಟಗಳಲ್ಲಿ, ನಡೆದದ್ದು ನಾಟಕವಾ?

ಗುಡುಗು: ನಾನು ಹೇಳಲಿಲ್ಲ, ನೀವೇ ಹೇಳಿದಿರಿ.

ಕಿಡಿ: ಪೆಂತೆಕೊಸ್ತಿನವರು ಅಂದರೆ ನಿಮಗೆ ತಮಾಷೆ ಅಲ್ವಾ?

ಅಲೆ: ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ಗೆ ವರ್ಷಾವರ್ಷ ಲಕ್ಷಗಟ್ಟಲೆ ಜನ ಹೋಗುತ್ತಾರೆ. ಅಲ್ಲಿ ಮರಿಯಮ್ಮನವರ ದರ್ಶನ ಆಯಿತು ಅನ್ನುವ 1858ರಿಂದ ಈವರೆಗೆ ಕ್ಯಾಥೊಲಿಕ್ ಸಭೆ ಅದ್ಭುತ ಅಂತ ಒಪ್ಪಿದ ಗುಣವಾಗುವಿಕೆ ನೂರೂ ಇಲ್ಲ. ಅದೂ ಡಾಕ್ಟರುಗಳು ಪರೀಕ್ಷೆ ಮಾಡಿದ ಮೇಲೆ. ನೀವಿಬ್ಬರೂ ಸ್ವಲ್ಪ ತಾಳ್ಮೆ ಕಲಿಯಿರಿ.

ಗುಡುಗು: ನಿಮ್ಮನ್ನು ಯಾರು ಕೇಳಿದರು?

ಮಳೆಹನಿ: ಓಪನ್ ಥೀಯಿಸಂ ಅಂದರೆ ಮುಂದೆ ಆಗುವುದು ದೇವರಿಗೂ ಪೂರ್ತಿ ಗೊತ್ತಿಲ್ಲ ಅಂತಾನಾ?

ಸಂದೇಹಿ: 1755ರ ನವೆಂಬರ್ 1, ಲಿಸ್ಬನ್ ಭೂಕಂಪ. ಸಕಲ ಸಂತರ ಹಬ್ಬ, ಜನ ಚರ್ಚುಗಳಲ್ಲಿದ್ದರು. ದೇವರ ಶಿಕ್ಷೆ ಅಂದವರೂ ಇದ್ದರು. ನೀವೇನಂತೀರಿ?

ಪಾಸ್ಟರ್: ಲೂಕನ ಸುವಾರ್ತೆಯ 13ನೇ ಅಧ್ಯಾಯ ಓದಿ. ಯೆರೂಸಲೇಮಿನ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರೇನೂ ಉಳಿದವರಿಗಿಂತ ಪಾಪಿಗಳಲ್ಲ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಯಾಕೆ ಬಿತ್ತು ಅಂತ ಹೇಳಲಿಲ್ಲ. ನಾನೂ ಹೇಳುವುದಿಲ್ಲ.

ಬೆಳ್ಳಿಚುಕ್ಕಿ: ‘ಪ್ರಾರ್ಥಿಸಿದ ನೀರು 7 ದಿನ ಕುಡಿದರೆ ಮಾತ್ರೆಯೇ ಬೇಡ’. ಇದು?

ಪಾಸ್ಟರ್: ಇಂಥದ್ದನ್ನು ನಂಬಿ ಮದ್ದು ಬಿಟ್ಟವರ ಮಗಳು ಇದೇ ಗುಂಪಿನಲ್ಲಿದ್ದಾರೆ. ಮೇಲೆ ಓದಲಿಲ್ವಾ? ಅಡ್ಮಿನ್, ಅದನ್ನು ತೆಗೆಯಿರಿ. ಗುಡುಗು, ಕಿಡಿ, ನಿಮ್ಮ ಜಗಳ ಬೇರೆ ಕಡೆ ಇರಲಿ. ನಿರೀಕ್ಷೆ, ಡಾಕ್ಟರ್ ಸಿಕ್ಕರಾ?

ನಿರೀಕ್ಷೆ: ಸಿಕ್ಕರು. ತಕ್ಷಣ ಕರಕೊಂಡು ಬನ್ನಿ ಅಂದರು. ಹೊರಟಿದ್ದೇವೆ.

ಗುಡುಗು: ಜಗಳ ಶುರು ಮಾಡಿದ್ದು ನಾನಲ್ಲ.