ಮೆಕ್ಯಾನಿಕ್ ಅಪ್ಪನನ್ನು ಶಾರ್ಲೆಟ್‌ನ 600 ಮೈಲಿ ರೇಸ್‌ಗೆ ಕರೆದುಕೊಂಡು ಹೋಗಬೇಕು, ಹೋಗಿಬಂದವರು ಹೇಳಿ

ಪ್ರಶ್ನೆ, ರಾಲಿಯಿಂದ:

ಅಪ್ಪ ಅಮ್ಮ ಹಾಸನದಿಂದ ಬಂದಿದ್ದಾರೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ರಿಟೈರ್ಡ್. ಟಿವಿಯಲ್ಲಿ ಅಮೆರಿಕದ ನಾಸ್ಕಾರ್ ಕಾರು ರೇಸ್ ಬಂದರೆ ಜಾಗ ಬಿಟ್ಟು ಏಳುವುದಿಲ್ಲ. ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರದ ರಜೆ) ಹಿಂದಿನ ಭಾನುವಾರ ಶಾರ್ಲೆಟ್ ಮೋಟಾರ್ ಸ್ಪೀಡ್‌ವೇಯಲ್ಲಿ ಕೋಕಾ-ಕೋಲಾ 600 ಇದೆಯಲ್ಲ, ಅದಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಏಳು ವರ್ಷದ ಮಗಳೂ ಬರುತ್ತಾಳೆ. ನಾವ್ಯಾರೂ ಓವಲ್ ರೇಸನ್ನು, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕಿನ ರೇಸನ್ನು, ಎದುರಿಗೆ ಕೂತು ನೋಡಿಲ್ಲ. ಯಾವ ಸೀಟು ತಗೊಳ್ಳಲಿ? ಊಟಕ್ಕೇನು? ಮಗಳ ಕಿವಿಗೆ ತೊಂದರೆ ಆಗುತ್ತಾ? ಅಷ್ಟು ಹೊತ್ತು ಕಾರು ಸುತ್ತುವುದನ್ನೇ ನೋಡಿ ಅಮ್ಮನಿಗೆ ಬೇಜಾರಾಗಬಹುದು ಅನ್ನೋ ಚಿಂತೆಯೂ ಇದೆ.

ಉತ್ತರ, ಕಾಂಕಾರ್ಡ್‌ನಿಂದ:

ಖಂಡಿತ ಕರೆದುಕೊಂಡು ಬನ್ನಿ. ಟ್ರ್ಯಾಕ್ ಇರುವುದು ನಮ್ಮೂರಲ್ಲೇ, ಹೆಸರು ಮಾತ್ರ ಶಾರ್ಲೆಟ್‌ದು.

ದುಡ್ಡು ಜಾಸ್ತಿ ಇದ್ದರೂ ಮುಂದಿನ ಸಾಲು ತಗೋಬೇಡಿ. ಕೆಳಗೆ ಕೂತರೆ ಬೇಲಿಯ ಆಚೆ ಬಣ್ಣಗಳು ಸರ್ರನೆ ಹಾದುಹೋಗುವುದಷ್ಟೇ ಕಾಣುತ್ತದೆ. ಸವೆದ ಟೈರಿನ ರಬ್ಬರ್ ಚೂರುಗಳು ಮೈಮೇಲೂ ಬೀಳುತ್ತವೆ. ಆದಷ್ಟು ಮೇಲಿನ ಸಾಲು ಹಿಡಿಯಿರಿ. ಒಂದು ಸುತ್ತು ಒಂದೂವರೆ ಮೈಲಿ, ತಿರುವುಗಳಲ್ಲಿ ರಸ್ತೆ 24 ಡಿಗ್ರಿ ವಾಲಿದೆ. ಮೇಲಿಂದ ನೋಡಿದರೆ ಯಾರು ಯಾರನ್ನು ಹಿಡಿಯುತ್ತಿದ್ದಾರೆ ಅನ್ನುವುದು ಪೂರ್ತಿ ಕಾಣುತ್ತದೆ. ನಿಮ್ಮ ತಂದೆಯವರಿಗೋಸ್ಕರ ಮುಖ್ಯ ಸ್ಟ್ಯಾಂಡೇ ಒಳ್ಳೆಯದು, ಟೈರು, ಪೆಟ್ರೋಲ್‌ಗೆ ಕಾರು ನಿಲ್ಲುವ ಪಿಟ್ ರೋಡ್ ಎದುರಿಗೇ ಇರುತ್ತದೆ. ಅಮ್ಮನವರಿಗೆ ಮೆಟ್ಟಿಲು ಕಷ್ಟವಾದರೆ, ಲಿಫ್ಟ್ ಯಾವ ಭಾಗದಲ್ಲಿದೆ ಅಂತ ಟಿಕೆಟ್ ತೆಗೆಯುವ ಮುಂಚೆಯೇ ಫೋನ್ ಮಾಡಿ ಕೇಳಿ.

ಕಿವಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಬೇಡ. ಹತ್ತಿರ ಹತ್ತಿರ ನಲವತ್ತು ಕಾರು. ಒಂದೊಂದರಲ್ಲೂ 5.8 ಲೀಟರ್‌ನ ವಿ8 ಎಂಜಿನ್, ಸೈಲೆನ್ಸರ್ ಇರುವುದಿಲ್ಲ. 100 ಡೆಸಿಬೆಲ್ ಸದ್ದಿನಲ್ಲಿ ಕಿವಿ ಮುಚ್ಚಿಕೊಳ್ಳದೆ 15 ನಿಮಿಷಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ. ಈ ರೇಸ್ ನಾಲ್ಕು ಗಂಟೆ ದಾಟುತ್ತದೆ. ಮಗುವಿಗೆ ತಲೆಯ ಮೇಲಿಂದ ಹಾಕುವ ದಪ್ಪ ಇಯರ್ ಮಫ್ ತಗೊಳ್ಳಿ, ಮನೆಯಲ್ಲೇ ಹಾಕಿಸಿ ಅಭ್ಯಾಸ ಮಾಡಿಸಿ. ದೊಡ್ಡವರಿಗೆ ಫೋಮ್ ಪ್ಲಗ್ ಸಾಕು, ಆದರೆ ಎಲ್ಲರಿಗೂ ಬೇಕೇ ಬೇಕು.

ಊಟದ ಚಿಂತೆ ಬಿಡಿ. ಇಲ್ಲಿ ಮನೆಯಿಂದ ತಂದ ತಿಂಡಿ, ನೀರು ಒಳಗೆ ಬಿಡುತ್ತಾರೆ. ಗಾಜಿನ ಬಾಟಲಿ ಮಾತ್ರ ಬಿಡುವುದಿಲ್ಲ. ಬ್ಯಾಗು, ಕೂಲರ್ ಎಷ್ಟು ದೊಡ್ಡದಿರಬಹುದು ಅಂತ ಆ ವರ್ಷದ ನಿಯಮ ನೋಡಿಕೊಳ್ಳಿ. ನಾವು ಪುಳಿಯೋಗರೆ, ಮೊಸರನ್ನ, ಕತ್ತರಿಸಿದ ಕಲ್ಲಂಗಡಿ ಒಯ್ಯುತ್ತೇವೆ.

ಉತ್ತರ, ಮೂರ್ಸ್‌ವಿಲ್‌ನಿಂದ:

ಸೀಟಿನ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಬೇಜಾರಿನ ವಿಷಯಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ಓವಲ್ ರೇಸ್ ಅಂದರೆ ಸುಮ್ನೆ ಎಡಕ್ಕೆ ತಿರುಗುತ್ತಾ ಇರೋದು ಅನ್ನುವವರೇ ಜಾಸ್ತಿ. 400 ಸುತ್ತು, ಅರ್ಧ ನಿಮಿಷಕ್ಕೊಂದು. ಎಲ್ಲವನ್ನೂ ನೋಡಲು ಹೋದರೆ ಏನೂ ಕಾಣಿಸುವುದಿಲ್ಲ. ಮನೆಯವರೆಲ್ಲ ಒಬ್ಬೊಬ್ಬರು ಒಂದೊಂದು ಕಾರು ಆರಿಸಿಕೊಳ್ಳಿ. ಮಗಳು ಬಣ್ಣ ನೋಡಿ ಆರಿಸಲಿ, ಅಮ್ಮ ನಂಬರ್ ನೋಡಿ ಆರಿಸಲಿ. ಇಪ್ಪತ್ತನೇ ಜಾಗದಲ್ಲಿರುವ ಕಾರಾದರೂ ಪರವಾಗಿಲ್ಲ. ಅದು ಮೇಲೆ ಬರುತ್ತಾ, ಕೆಳಗೆ ಹೋಗುತ್ತಾ ಅಂತ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಅಪ್ಪ. ಅವರಿಗೆ ಇದಕ್ಕಿಂತ ಒಳ್ಳೆಯ ರೇಸ್ ಸಿಗುವುದಿಲ್ಲ. ಶುರುವಾಗುವುದು ಸಂಜೆ ಆರರ ಸುಮಾರಿಗೆ, ಮುಗಿಯುವುದು ರಾತ್ರಿ. ಬಿಸಿಲಲ್ಲಿ ಕಾದ ಡಾಂಬರು ಜಾರುತ್ತದೆ. ಕತ್ತಲಾದ ಮೇಲೆ ಅದೇ ಡಾಂಬರು ತಣ್ಣಗಾಗಿ ಹಿಡಿತ ಬರುತ್ತದೆ. ಸಂಜೆ ಚೆನ್ನಾಗಿ ಓಡಿದ ಕಾರು ರಾತ್ರಿ ತಿರುವಿನಲ್ಲಿ ಮಾತು ಕೇಳದೆ ಹೋಗಬಹುದು. ಆಗ ಪಿಟ್ ಸ್ಟಾಪ್‌ನಲ್ಲಿ ಟೈರಿನ ಗಾಳಿ ಹೆಚ್ಚು ಕಡಿಮೆ ಮಾಡುತ್ತಾರೆ, ಹಿಂದಿನ ಗಾಜಿನ ಕಡೆಯಿಂದ ಉದ್ದದ ಸ್ಪ್ಯಾನರ್ ಇಳಿಸಿ ಸಸ್ಪೆನ್ಷನ್ ತಿರುಗಿಸುತ್ತಾರೆ. ಪಿಟ್ ರೋಡಿನ ಗೋಡೆ ಹಾರಿ ಕಾರಿನ ಹತ್ತಿರ ಬರುವುದು ಐದೇ ಜನ: ಟೈರ್ ಬಿಚ್ಚುವವರು ಇಬ್ಬರು, ಟೈರ್ ತರುವವನೊಬ್ಬ, ಜಾಕ್ ಹಿಡಿದವನೊಬ್ಬ, ಪೆಟ್ರೋಲ್ ತುಂಬುವವನೊಬ್ಬ. 2022ರಿಂದ ಚಕ್ರಕ್ಕೆ ಒಂದೇ ನಟ್, ಮೊದಲು ಐದಿದ್ದವು. ನಾಲ್ಕು ಟೈರು ಬದಲಾಯಿಸಿ ಪೆಟ್ರೋಲ್ ಹಾಕಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕಳಿಸುತ್ತಾರೆ. ಆ ಕೆಲಸ ಎಷ್ಟು ಚಂದ ಅನ್ನುವುದು ಬಸ್ಸಿನ ಚಕ್ರ ಬಿಚ್ಚಿದವರಿಗೇ ಗೊತ್ತು.

ಅವರಿಗೊಂದು ಸ್ಕ್ಯಾನರ್ ಬಾಡಿಗೆಗೆ ಕೊಡಿಸಿ. ಹೆಡ್‌ಫೋನ್‌ನಲ್ಲಿ ಡ್ರೈವರ್ ಮತ್ತು ಅವನ ಟೀಮ್ ಮಾತಾಡುವುದು ನೇರವಾಗಿ ಕೇಳಿಸುತ್ತದೆ. ಕಿವಿಗೂ ರಕ್ಷಣೆ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಅಪ್ಪ ಇಂಗ್ಲಿಷ್ ಓದುತ್ತಾರೆ, ಆದರೆ ಇಲ್ಲಿನವರ ಮಾತು ಹಿಡಿಯುವುದು ಕಷ್ಟ. ಸ್ಕ್ಯಾನರ್ ಉಪಯೋಗಕ್ಕೆ ಬರುತ್ತಾ?

ಉತ್ತರ, ಮೂರ್ಸ್‌ವಿಲ್‌ನಿಂದ:

ಬರುತ್ತದೆ. ಪದೇ ಪದೇ ಬರುವುದು ನಾಲ್ಕಾರು ಪದಗಳೇ. ಮೊದಲೇ ಹೇಳಿಕೊಟ್ಟಿರಿ. ‘ಟೈಟ್’ ಅಂದರೆ ಸ್ಟಿಯರಿಂಗ್ ತಿರುಗಿಸಿದರೂ ಮುಂಭಾಗ ತಿರುಗುತ್ತಿಲ್ಲ. ‘ಲೂಸ್’ ಅಂದರೆ ಹಿಂಭಾಗ ಜಾರುತ್ತಿದೆ. ಸ್ಟ್ಯಾಂಡಿನ ಮೇಲ್ತುದಿಯಲ್ಲಿ ನಿಂತು ಡ್ರೈವರ್‌ಗೆ ರೇಡಿಯೊದಲ್ಲಿ ಹೇಳುವ ಸ್ಪಾಟರ್ ‘ಇನ್‌ಸೈಡ್’, ‘ಔಟ್‌ಸೈಡ್’, ‘ಕ್ಲಿಯರ್’ ಅನ್ನುತ್ತಾನೆ. ಪಕ್ಕದಲ್ಲಿ ಕಾರು ಯಾವ ಕಡೆ ಇದೆ, ಈಗ ಜಾಗ ಇದೆಯಾ ಅನ್ನುವುದು ಅಷ್ಟೇ. ಮಿಕ್ಕಿದ್ದು ಅವರಿಗೆ ಕಣ್ಣಿನಿಂದಲೇ ತಿಳಿಯುತ್ತದೆ.

ಉತ್ತರ, ಗ್ರೀನ್ಸ್‌ಬರೊದಿಂದ:

ಮಳೆಯ ಬಗ್ಗೆ ಯಾರೂ ಹೇಳಲಿಲ್ಲ. ಈ ಟ್ರ್ಯಾಕ್ ಒದ್ದೆಯಾದರೆ ರೇಸ್ ನಿಲ್ಲುತ್ತದೆ. ಮೇ ಕೊನೆಯಲ್ಲಿ ಸಂಜೆ ಗುಡುಗು ಮಳೆ ಮಾಮೂಲು. 2023ರಲ್ಲಿ ರೇಸ್ ಸೋಮವಾರಕ್ಕೆ ಹೋಯಿತು. 2024ರಲ್ಲಿ 249 ಸುತ್ತಿಗೇ ಮುಗಿಸಿ ಕ್ರಿಸ್ಟೋಫರ್ ಬೆಲ್ ಗೆದ್ದರು ಅಂತ ಘೋಷಿಸಿದರು. ಹಾಗಾಗಿ ಸೋಮವಾರ ಬೇರೇನೂ ಇಟ್ಟುಕೊಳ್ಳಬೇಡಿ, ಭಾನುವಾರ ರಾತ್ರಿ ರಾಲಿಗೆ ವಾಪಸ್ ಡ್ರೈವ್ ಮಾಡುವ ಯೋಚನೆಯೂ ಬೇಡ. ಹತ್ತಿರದಲ್ಲೇ ರೂಮು ಮಾಡಿ. ಟ್ರಾಫಿಕ್ ತಪ್ಪಿಸಲು ರೇಸ್ ಮುಗಿಯುವ ಸ್ವಲ್ಪ ಮುಂಚೆ ಎದ್ದು ಬಂದರೂ ನಡೆಯುತ್ತದೆ, ಮಗು ಇದೆ ಅಲ್ವಾ.

ಉತ್ತರ, ಕಾಂಕಾರ್ಡ್‌ನಿಂದ:

ರೂಮು ಮಾಡಿ ಅನ್ನುವುದು ಸರಿ. ಮುಂಚೆ ಏಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2025ರಲ್ಲಿ ವಿಲಿಯಂ ಬೈರನ್ 283 ಸುತ್ತು ಮುಂದಿದ್ದರು. ರಾಸ್ ಚಾಸ್ಟೇನ್ ಪ್ರಾಕ್ಟೀಸ್‌ನಲ್ಲಿ ಕಾರು ಜಜ್ಜಿಕೊಂಡು, ರಾತ್ರೋರಾತ್ರಿ ಟೀಮಿನವರು ರೆಡಿ ಮಾಡಿದ ಇನ್ನೊಂದು ಕಾರಿನಲ್ಲಿ ಕಟ್ಟಕಡೆಯಿಂದ ಹೊರಟಿದ್ದರು. ಮುಗಿಯಲು ಆರು ಸುತ್ತು ಇದ್ದಾಗ ಬೈರನ್‌ರನ್ನು ದಾಟಿ ಗೆದ್ದರು. ಬೇಗ ಎದ್ದವರು ಅದನ್ನು ಪಾರ್ಕಿಂಗ್‌ನಲ್ಲಿ ರೇಡಿಯೊದಲ್ಲಿ ಕೇಳಬೇಕಾಯಿತು. ಮಗು ನಿದ್ದೆ ಮಾಡಿದರೆ ಇಯರ್ ಮಫ್ ಹಾಗೇ ಇರಲಿ, ತೊಡೆಯ ಮೇಲೆ ಮಲಗಿಸಿಕೊಳ್ಳಿ.

ಅಮ್ಮನವರಿಗೆ ಒಂದು ಮಾತು ಮುಂಚೆಯೇ ಹೇಳಿರಿ. ಮೆಮೋರಿಯಲ್ ಡೇ ಅಂದರೆ ಮಡಿದ ಸೈನಿಕರ ನೆನಪಿನ ದಿನ. ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಒಬ್ಬೊಬ್ಬ ಸೈನಿಕರ ಹೆಸರಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ರೇಸ್ ನಡುವೆ ಎಲ್ಲ ಕಾರುಗಳನ್ನೂ ಪಿಟ್ ರೋಡಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ಅಷ್ಟು ಸದ್ದಿನ ಮಧ್ಯೆ ಆ ಮೌನ ಎದೆಗೆ ತಟ್ಟುತ್ತದೆ.

ಮಳೆ ಬಾರದಿದ್ದರೆ ಸೋಮವಾರ ಶಾರ್ಲೆಟ್ ಪೇಟೆಯೊಳಗಿನ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಹೋಗಿ, ರಜೆ ದಿನ ತೆರೆದಿರುತ್ತಾ ನೋಡಿಕೊಂಡು. ಅಲ್ಲಿ ಹಳೆಯ ಕಾರುಗಳನ್ನು ನಿಲ್ಲಿಸಿರುವ ಇಳಿಜಾರು ದಾರಿ ಸಮತಟ್ಟಿನಿಂದ ಶುರುವಾಗಿ ಟಲಡೆಗಾ ಟ್ರ್ಯಾಕಿನ 33 ಡಿಗ್ರಿವರೆಗೂ ವಾಲುತ್ತಾ ಹೋಗುತ್ತದೆ. ಅಪ್ಪನಿಗೆ ಅಲ್ಲಿ ಸಾಕಷ್ಟು ಹೊತ್ತು ಕೊಡಿ, ಒಂದೊಂದು ಕಾರಿನ ಅಡಿಯನ್ನೂ ಬಗ್ಗಿ ನೋಡುತ್ತಾರೆ.