1969ರ ಎಸ್ ಸೆಂಟ್: ಇದು ಡಬಲ್ಡ್ ಡೈ ಹೌದೇ?

ಪ್ರಶ್ನೆ

ನನ್ನ ಸಂಗ್ರಹದಲ್ಲಿ ಅಮೆರಿಕದ 1969ರ ಒಂದು ಲಿಂಕನ್ ಸೆಂಟ್ ನಾಣ್ಯ ಇದ್ದು, ಇಸವಿಯ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಎಸ್ ಗುರುತಿದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ, ಇಸವಿಯ ಅಂಕಿಗಳಿಗೂ ಎಸ್ ಅಕ್ಷರಕ್ಕೂ ಒಂದೇ ದಿಕ್ಕಿನಲ್ಲಿ ಎರಡನೆಯ ಅಂಚೊಂದು ಹೊಳೆಯುತ್ತದೆ. ಇದನ್ನು ಡಬಲ್ಡ್ ಡೈ, ಅಂದರೆ ನಾಣ್ಯ ಒತ್ತುವ ಅಚ್ಚಿನಲ್ಲಿಯೇ (ಡೈಯಲ್ಲಿಯೇ) ಎರಡು ಬಿಂಬ ಮೂಡಿದ್ದು ಎನ್ನಬಹುದೇ, ಅಥವಾ ಡೈ ಸವೆದು ಹೀಗಾಗಿದೆಯೇ?

ಉತ್ತರ 1

ಎಸ್ ಗುರುತೂ ಇಸವಿಯ ಜೊತೆಗೆ ಅದೇ ದಿಕ್ಕಿಗೆ ಜೋಡಿಯಾಗಿದೆ ಎಂದಾದರೆ, ಅದು ಡಬಲ್ಡ್ ಡೈ ಅಲ್ಲ, ನಾಣ್ಯ ಒತ್ತುವಾಗ ಡೈ ಅಲುಗಿ ಮೂಡುವ ಯಾಂತ್ರಿಕ ಜೋಡಿಯೇ ಇರಬೇಕು. ಡಬಲ್ಡ್ ಡೈ ಹುಟ್ಟುತ್ತಿದ್ದುದು ಡೈಯನ್ನು ತಯಾರಿಸುವಾಗಲೇ. ಆ ಕಾಲದಲ್ಲಿ ಹಬ್ ಎಂಬ ಉಬ್ಬು ಮಾದರಿಯನ್ನು ಉಕ್ಕಿನ ಡೈಗೆ ಒಂದೇ ಸಲಕ್ಕೆ ಪೂರ್ತಿಯಾಗಿ ಒತ್ತುತ್ತಿರಲಿಲ್ಲ. ಮೊದಲ ಒತ್ತಿಗೆ ಗಡುಸಾದ ಉಕ್ಕನ್ನು ಕಾಯಿಸಿ, ಮೆದುವಾಗಿಸಿ, ಮತ್ತೆ ಹಬ್‌ನ ಕೆಳಗಿಟ್ಟು ಒತ್ತುತ್ತಿದ್ದರು. ಎರಡನೆಯ ಸಲ ಡೈ ಕೂದಲೆಳೆಯಷ್ಟು ತಿರುಗಿ ಕುಳಿತರೂ ಅದರಲ್ಲಿ ಎರಡು ಬಿಂಬಗಳು ಮೂಡುತ್ತಿದ್ದವು. ಆ ಡೈಯಿಂದ ಹೊರಬಂದ ಪ್ರತಿಯೊಂದು ನಾಣ್ಯದಲ್ಲಿಯೂ ಅದೇ ಜೋಡಿ ಕಾಣುತ್ತದೆ. ಎಸ್ ಗುರುತನ್ನು ಮಾತ್ರ ಆಮೇಲೆ ಕೈಯಿಂದ ಬೇರೆಯಾಗಿ ಪಂಚ್ ಮಾಡುತ್ತಿದ್ದುದರಿಂದ ಹಬ್‌ನ ತಪ್ಪು ಅದಕ್ಕೆ ತಟ್ಟುತ್ತಿರಲಿಲ್ಲ. 1969ರ ನಿಜವಾದ ಡಬಲ್ಡ್ ಡೈ ಸೆಂಟಿನಲ್ಲಿ ಲಿಬರ್ಟಿ ಪದ, ಧ್ಯೇಯವಾಕ್ಯ ಮತ್ತು ಇಸವಿ ಎದ್ದು ಕಾಣುವಂತೆ ಜೋಡಿಯಾಗಿದ್ದು, ಎಸ್ ಒಂಟಿಯಾಗಿರುತ್ತದೆ. ಅದು ಬಹಳ ವಿರಳ. ಆದರೆ ಅದೇ ವರ್ಷದ ಎಸ್ ಸೆಂಟ್‌ಗಳಲ್ಲಿ ಯಾಂತ್ರಿಕ ಜೋಡಿ ಧಾರಾಳವಾಗಿರುವುದರಿಂದ ಮೋಸಹೋಗುವವರೂ ಧಾರಾಳ.

ಇನ್ನು ಅಕ್ಷರದ ಆಕಾರವನ್ನು ನೋಡಿ. ಡಬಲ್ಡ್ ಡೈಯಲ್ಲಿ ಎರಡು ಬಿಂಬಗಳೂ ದುಂಡಗೆ ಉಬ್ಬಿರುತ್ತವೆ, ಅಕ್ಷರ ಒಟ್ಟಾರೆ ದಪ್ಪವಾಗುತ್ತದೆ, ಅದರ ಗೆರೆಗಳ ತುದಿಯ ಚಾಚುಗಳ ಮೂಲೆಗಳು ಸೀಳಿ ಸಣ್ಣ ಕಚ್ಚು ಬಿದ್ದಿರುತ್ತದೆ. ಯಾಂತ್ರಿಕ ಜೋಡಿಯಲ್ಲಿ, ಸಡಿಲವಾಗಿದ್ದ ಡೈ ಏಟು ಬಿದ್ದ ಮರುಕ್ಷಣ ಅಲುಗಿ, ಆಗಷ್ಟೇ ಮೂಡಿದ ಅಕ್ಷರದ ಪಕ್ಕವನ್ನು ಕೆಳಕ್ಕೆ ಸವರಿಬಿಟ್ಟಿರುತ್ತದೆ. ಅಲ್ಲಿ ಉಳಿಯುವುದು ನಾಣ್ಯದ ಮೈಗೆ ಅಂಟಿದ, ಚಪ್ಪಟೆಯಾದ, ಹೊಳೆಯುವ ಒಂದು ಮೆಟ್ಟಿಲು. ಮೂಲ ಅಕ್ಷರ ಅಷ್ಟರಮಟ್ಟಿಗೆ ಸಣಕಲಾಗಿರುತ್ತದೆ.

ಉತ್ತರ 2

ಮೇಲಿನ ಮಾತಿಗೆ ನನ್ನ ಎರಡು ತಿದ್ದುಪಡಿಗಳಿವೆ. ಎಸ್ ಗುರುತಿನ ಪರೀಕ್ಷೆ ಚಲಾವಣೆಯ ಸೆಂಟ್‌ಗಳ ಮಟ್ಟಿಗೆ 1989ರವರೆಗೆ ಮಾತ್ರ ನಡೆಯುತ್ತದೆ, ಏಕೆಂದರೆ ಅನಂತರ ಟಂಕಸಾಲೆಯ ಗುರುತು ಉಳಿದ ಡೈಗಳಿಗೆ ಆಧಾರವಾದ ಮೂಲ ಡೈಯಲ್ಲಿಯೇ ಸೇರಿಕೊಂಡಿತು. ಅಲ್ಲದೆ ಡಬಲ್ಡ್ ಡೈಯಿಂದ ಬಂದ ನಾಣ್ಯಕ್ಕೂ ಯಾಂತ್ರಿಕ ಜೋಡಿ ತಗಲಬಹುದಾದ್ದರಿಂದ, ಎಸ್ ಒಂದನ್ನೇ ನೋಡಿ ನಾಣ್ಯವನ್ನು ಬದಿಗಿಡಬೇಡಿ. ಲಿಬರ್ಟಿ ಪದವನ್ನು ನೋಡಿ ಆಮೇಲೆ ನಿರ್ಧರಿಸಿ.

ಸವೆದ ಡೈಯ ಲಕ್ಷಣವೇ ಬೇರೆ. ಲಕ್ಷಾಂತರ ಏಟುಗಳ ಘರ್ಷಣೆಗೆ ಡೈಯ ಅಂಚುಗಳು ಕರಗಿದಂತಾಗಿ, ಅಕ್ಷರದ ಸುತ್ತ ಮಸುಕಾದ, ಗಡಿಯಿಲ್ಲದ ನೆರಳೊಂದು ಹರಡುತ್ತದೆ. ನಾಣ್ಯದ ಬಯಲು, ಅಂದರೆ ಅಕ್ಷರ-ಚಿತ್ರಗಳಿಲ್ಲದ ಸಮತಟ್ಟು ಭಾಗ, ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತದೆ. 1955ರ ಸೆಂಟ್‌ಗಳಲ್ಲಿ ‘ಬಡವರ ಡಬಲ್ಡ್ ಡೈ’ ಎಂದು ಮಾರಾಟವಾಗುವವು ಇಂಥವೇ, ಇಸವಿಯ ಕೊನೆಯ 5 ಅಂಕಿ ಮಾತ್ರ ಮಬ್ಬಾಗಿ ಜೋಡಿಯಾಗಿ ಕಾಣುವಂಥವು. ಆ ವರ್ಷದ ನಿಜವಾದ ಡಬಲ್ಡ್ ಡೈಯನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು.

ಪ್ರಶ್ನೆ ಕೇಳಿದವರಿಂದ

ದೀಪವನ್ನು ಎಡಕ್ಕೂ ಬಲಕ್ಕೂ ಇಟ್ಟು, ನಾಣ್ಯವನ್ನು ತಿರುಗಿಸುತ್ತ ಮತ್ತೊಮ್ಮೆ ನೋಡಿದೆ. ಬಯಲು ನುಣುಪಾಗಿಯೇ ಇದೆ. ಲಿಬರ್ಟಿ ಪದದ ಅಕ್ಷರಗಳಲ್ಲಿ ಒಂದರ ಮೂಲೆಯೂ ಸೀಳಿಲ್ಲ. 9ರ ಪಕ್ಕದಲ್ಲಿದ್ದದ್ದು ಚಪ್ಪಟೆ ಮೆಟ್ಟಿಲೇ, ಅಂಕಿಯೂ ಅಷ್ಟೇ ತೆಳ್ಳಗಾಗಿದೆ. ಪ್ರಮಾಣೀಕರಣಕ್ಕೆ ಕಳುಹಿಸಲು ಕಟ್ಟಿಟ್ಟಿದ್ದ ಪೊಟ್ಟಣವನ್ನು ಬಿಚ್ಚಿದ್ದೇನೆ.